ಅವನ ತುಂಡು ಇನ್ನೂ ಹೊಳೆಯುತ್ತಿತ್ತು

ಎರಡು ಸಾವಿರದ ನಾಲ್ಕನೇ ಇಸವಿ, ಚಳ್ಳಕೆರೆಯ ಕಾಲೇಜು, ಬಿ.ಎಸ್ಸಿ. ಕೊನೆಯ ವರ್ಷ. ರಸಾಯನಶಾಸ್ತ್ರದ ಮೇಷ್ಟ್ರು ನನಗೂ ನನ್ನ ಬೆಂಚಿನ ಜೊತೆಗಾರನಿಗೂ ಮೆಗ್ನೀಸಿಯಂ ಮಿಶ್ರಲೋಹದ ಒಂದೊಂದು ತುಂಡು ಕೊಟ್ಟಿದ್ದರು. ಮುರಿದ ಮೂಳೆಗೆ ಇದರ ಸ್ಕ್ರೂ ಹಾಕಿದರೆ ಮೈಯೊಳಗೇ ಕರಗಿಹೋಗುತ್ತದೆ, ತೆಗೆಯಲು ಮತ್ತೆ ಕೊಯ್ಯಬೇಕಿಲ್ಲ. ಆದರೆ ಮೂಳೆ ಕೂಡುವ ಮೊದಲೇ ಕರಗುವುದೇ ತೊಂದರೆ. ರಕ್ತದಲ್ಲಿರುವಂಥ ಲವಣಗಳನ್ನು ಶುದ್ಧ ನೀರಿಗೆ ಬೆರೆಸಿ, ಬಲ್ಬು ಉರಿಸಿ ಮೈಬಿಸಿಗೆ ತಂದ ಪೆಟ್ಟಿಗೆಯಲ್ಲಿ ತುಂಡನ್ನು ಮುಳುಗಿಸಿಟ್ಟು, ದಿನಾ ನೀರು ಬದಲಿಸಿ ತೂಗಬೇಕು. ಯಾರದು ನಿಧಾನವಾಗಿ ಕರಗುತ್ತದೋ ಅವನು ದಾವಣಗೆರೆಯ ವಿದ್ಯಾರ್ಥಿ ವಿಜ್ಞಾನ ಸಭೆಗೆ. ಇದ್ದದ್ದು ಒಂದೇ ಜಾಗ.

ಬೇಗ ಕರಗದಿರಲೆಂದು ನಾನು ನನ್ನ ತುಂಡನ್ನು ಪುಸ್ತಕ ನೋಡಿ ಕಾಯಿಸಿ ತಣಿಸಿದ್ದೆ. ಅವನು ಮೊಳಕಾಲ್ಮೂರಿನ ಮಗ್ಗದ ಮನೆಯವನು. ಮರಳು ಕಾಗದದಲ್ಲಿ ಎರಡು ಸಲ ಉಜ್ಜಿ ಮುಗಿಸಿದ. ತೂಕವನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ. ನಾನು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ಗೆರೆ ಎಳೆದು ಬರೆಯುತ್ತಿದ್ದೆ. ಹತ್ತನೆಯ ದಿನ ನನ್ನದು ಹುಳು ತಿಂದ ಬೇಳೆಯಂತಾಗಿತ್ತು. ಅಂಚಿನಲ್ಲಿ ಬರೆದೆ: 'ಅವನದು ಇನ್ನೂ ಹೊಳೆಯುತ್ತಿದೆ. ಹಾಳಾಗಲಿ.'

"ಏನ್ಲೇ, ಕಾಲು ಮುರಿಯೋಕ್ ಮುಂಚೇನೇ ನಿನ್ ಸ್ಕ್ರೂ ಕರಗೈತಲ್ಲೋ!" ಎಂದು ಅವನು ನಕ್ಕ. ಹಲ್ಲಿನ ಮೇಲೆ ಕಂದು ಗೆರೆಗಳು. ಅದೊಂದಾದರೂ ನನ್ನದಕ್ಕಿಂತ ಕೆಟ್ಟದಾಗಿದೆಯಲ್ಲ ಎಂದುಕೊಂಡೆ.

ಶುದ್ಧ ನೀರೆಂದರೆ ಗ್ಯಾರೇಜಿನಿಂದ ತಂದ ಬ್ಯಾಟರಿ ನೀರು. ಅದರ ಲೆಕ್ಕವನ್ನೂ ನಾನೇ ಇಟ್ಟಿದ್ದೆ. ಅಂದು ಕೂಡಿಸಿ ನೋಡಿದರೆ, ಕ್ಯಾನಿನಿಂದ ಹೋಗಿದ್ದು ಹತ್ತೇ ಬೀಕರು. ಹತ್ತೂ ನನ್ನವೇ.

ನೇರ ಮೇಷ್ಟ್ರ ಬಳಿ ಓಡಿದೆ. "ಸಾರ್, ಅವನು ಬ್ಯಾಟರಿ ನೀರು ಮುಟ್ಟೇ ಇಲ್ಲ."

ಅವನನ್ನು ಕರೆಸಿದರು. "ಮನೆಯಿಂದ ಬೋರ್ ನೀರು ತಂದು ಅದಕ್ಕೇ ಲವಣ ಹಾಕ್ತಿದ್ದೆ ಸಾರ್," ಎಂದ, ಅಳುಕದೆ. "ಯಾರ ಮೈಯಾಗೆ ಬ್ಯಾಟರಿ ನೀರು ಐತೆ ಹೇಳ್ರಿ? ನಾವು ಕುಡಿಯೋದು ಇದನ್ನೇ ಅಲ್ವಾ?"

ಬೈಗುಳಕ್ಕಾಗಿ ಕಾದೆ. ಮೇಷ್ಟ್ರು ಅವನ ಹಲ್ಲನ್ನೇ ನೋಡುತ್ತಿದ್ದರು.

"ನಿಮ್ಮೂರ ನೀರಲ್ಲಿ ಫ್ಲೋರೈಡ್ ಜಾಸ್ತಿ, ನಿನ್ನ ಹಲ್ಲಿಗೆ ಗೆರೆ ಬಂದಿರೋದೂ ಅದರಿಂದಲೇ. ಅದೇ ಲೋಹದ ಮೇಲೆ ಪೊರೆ ಕಟ್ಟಿರಬೇಕು ಕಣೋ! ದಾವಣಗೆರೆಯಲ್ಲಿ ಇದನ್ನೇ ಹೇಳು." ಆಮೇಲೆ ನನ್ನ ಕಡೆ ತಿರುಗಿದರು. "ಹೋಲಿಸೋಕೆ ಬ್ಯಾಟರಿ ನೀರಿನ ಲೆಕ್ಕ ಬೇಕು. ನಿನ್ನ ನೋಟ್‌ಬುಕ್ ಅವನಿಗೆ ಕೊಡು."

ಅಂಚಿನ ಸಾಲು ನೆನಪಾಯಿತು. ಹಾಳೆ ಹರಿದರೆ ತೂಕವೂ ಹೋಗುತ್ತಿತ್ತು. ಹಾಗೆಯೇ ಕೊಟ್ಟೆ.

ಸಭೆ ಮುಗಿದ ಮೇಲೆ ನೋಟ್‌ಬುಕ್ ವಾಪಸು ಬಂತು. ನನ್ನ ಸಾಲಿನ ಕೆಳಗೆ ಅವನ ಸೊಟ್ಟ ಅಕ್ಷರ, ಮೊದಲ ಸಲ ತಾರೀಖು ಹಾಕಿ: 'ಇವತ್ತೂ ಹೊಳೀತೈತೆ ಕಣ್ಲೇ.'