ಟೋಕಿಯೊದಿಂದ ತಾಳ್ಯಕ್ಕೆ ಹತ್ತು ಗಂಟೆ

ಟೋಕಿಯೊದಿಂದ ಬೆಂಗಳೂರಿಗೆ ವಿಮಾನದಲ್ಲಿ ಹತ್ತು ಗಂಟೆ ಎಂದು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹೋಗುವ ಕೆಲಸವೇನೂ ಇರುತ್ತಿರಲಿಲ್ಲ. ಟೋಕಿಯೊದಲ್ಲಿ ನಾನು ಕೆಲಸಕ್ಕಿದ್ದ ವೃದ್ಧಾಶ್ರಮದಲ್ಲಿ ಅಜ್ಜಿಯರಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ನನ್ನ ಕೋಣೆಗೆ ಬಂದು ಒಬ್ಬಳಿಗೇ ಅನ್ನಕ್ಕಿಟ್ಟಾಗ ಸುಮ್ಮನೆ ನೋಡುತ್ತಿದ್ದೆ. ಹತ್ತೇ ಗಂಟೆ ಎಂದರೆ ಊರು ಹತ್ತಿರದಲ್ಲೇ ಇದೆ ಅನ್ನಿಸುತ್ತಿತ್ತು.

ಅಣ್ಣನಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ಅಣ್ಣನಿಗೆ ನಾನೊಬ್ಬಳೇ ತಂಗಿ. ಗಂಡನನ್ನು ಬಿಟ್ಟು ಬಂದ ಮೇಲೆ ಸೀಮಂತ, ಆರತಿ ಎಂದರೆ ನನ್ನನ್ನು ಯಾರೂ ಮುಂದಕ್ಕೆ ಕರೆಯುತ್ತಿರಲಿಲ್ಲ. ಆ ಮನೆಯಲ್ಲಿ ನನಗೆಂದೇ ಉಳಿದಿದ್ದ ಕೆಲಸ ಇದೊಂದೇ. ಇದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

"ಎಷ್ಟೊತ್ತು ಆಗುತ್ತೆ ಬರೋಕೆ?" ಅಣ್ಣ ಫೋನಿನಲ್ಲಿ ಕೇಳಿದ.

"ಹತ್ತು ಗಂಟೆ."

"ಅಷ್ಟೇನಾ? ಹಂಗಾರೆ ರಾತ್ರಿ ಹತ್ತಿದ್ರೆ ಬೆಳಿಗ್ಗೆ ಇಲ್ಲಿರ್ತೀಯ. ಧರ್ಮಸ್ಥಳದ ಬಸ್ ಇದ್ದಂಗಾತು ಬಿಡು."

ಮಠದ ಅಯ್ಯನವರು ಬೆಳಿಗ್ಗೆ ಹನ್ನೊಂದರೊಳಗೆ ಮುಹೂರ್ತ ಕೊಟ್ಟರು. ನನಗೆ ರಜೆ ಸಿಕ್ಕಿದ್ದು ಅದರ ಹಿಂದಿನ ದಿನದಿಂದ. ಅಣ್ಣ ತಂಗಿ ಇಬ್ಬರೂ ಜಾಣರೇ. ವಿಮಾನ ಬಂದು ನಮ್ಮೂರು ತಾಳ್ಯದ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ವಿಮಾನವೇನೋ ಹೇಳಿದ ಹೊತ್ತಿಗೇ ಇಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಪಾಸ್‌ಪೋರ್ಟಿನ ಸಾಲು, ಬ್ಯಾಗಿಗೆ ಕಾಯುವುದು, ಮೆಜೆಸ್ಟಿಕ್ಕಿನವರೆಗಿನ ಟ್ರಾಫಿಕ್ಕು. ಚಿತ್ರದುರ್ಗದ ಬಸ್ಸು ಜವನಗೊಂಡನಹಳ್ಳಿ ದಾಟುವಾಗಲೇ ಬಿಸಿಲು ಚುರುಕಾಗಿತ್ತು. ಹಿರಿಯೂರಿನಲ್ಲಿ ಡ್ರೈವರು ಆರಾಮಾಗಿ ಟೀಗೆ ಇಳಿದ. ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಷ್ಟರಲ್ಲಿ ಅಣ್ಣನ ಫೋನು ಬಂತು.

"ಎಲ್ಲಿದೀಯಮ್ಮ?"

"ಹಿರಿಯೂರು."

"ಹೊತ್ತು ಮೀರ್ತಾ ಐತೆ ಕಣಮ್ಮ. ಅಯ್ಯನೋರು ಅವಸರ ಮಾಡ್ತಾ ಅವ್ರೆ. ಚಿಕ್ಕಪ್ಪನ ಮಗಳು ಇಲ್ಲೇ ಅವಳೆ. ಅವಳೂ ಮಗೀಗೆ ಅತ್ತೇನೇ ಅಲ್ವಾ?"

"ಕರೀಲಿ ಬಿಡಣ್ಣ," ಅಂದೆ. ದುರ್ಗ ಬರುವವರೆಗೂ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ.

ಮನೆ ಮುಟ್ಟಿದಾಗ ಮೊದಲ ಪಂಕ್ತಿ ಏಳುತ್ತಿತ್ತು. ಅತ್ತಿಗೆಯ ತವರಿನವರೊಬ್ಬರು ನನ್ನ ಗುರುತು ಹತ್ತದೆ, "ಬರ್ರಿ, ಕುಂತ್ಕಳ್ರಿ, ಹೋಳಿಗೆ ಬಿಸಿ ಐತೆ," ಎಂದು ಎಲೆ ಹಾಕಿದರು. ಹುಟ್ಟಿದ ಮನೆಯಲ್ಲೇ ನಾನು ನೆಂಟರ ಪೈಕಿಯಾಗಿದ್ದೆ.

ಚಿಕ್ಕಪ್ಪನ ಮಗಳು ಬೆನ್ನು ನೀವಿಕೊಳ್ಳುತ್ತಾ ಬಂದಳು. ನಮ್ಮಲ್ಲಿ ಅತ್ತೆ ತೊಟ್ಟಿಲಿಗೆ ಬಗ್ಗಿ ಹೆಸರು ಕರೆಯುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ಪದ್ಧತಿ.

"ಬೆನ್ನೇ ಮುರಿದಾಕಿದ್ರು ಕಣೇ ನಿಮ್ಮವ್ವ," ಅಂದಳು ನಗುತ್ತಾ. "ನೀನು ತಪ್ಪಿಸ್ಕಂಡೆ ನೋಡು."

ನಾನೂ ನಕ್ಕೆ. ನಗದಿದ್ದರೆ ಚೆನ್ನಾಗಿರುತ್ತಿರಲಿಲ್ಲ.

ಎಲ್ಲರೂ ಊಟಕ್ಕೆ ಕೂತ ಮೇಲೆ ಒಳಗೆ ಹೋದೆ. ಮಗು ತೊಟ್ಟಿಲಲ್ಲಿ ನಿದ್ದೆ ಹೋಗಿತ್ತು. ಬಗ್ಗಿ ಅದರ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದೆ. ನಿದ್ದೆಯಲ್ಲೇ ತುಟಿ ಅಲುಗಿಸಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಬೆನ್ನಿಗೆ ಒಂದಾದರೂ ಗುದ್ದು ಬೀಳಲಿ ಎಂದು ಬಗ್ಗಿದವಳು ಬಗ್ಗಿಯೇ ಇದ್ದೆ.