ಅಕ್ಕೋರ ಮಣೆ

ನನ್ನ ಗಂಡನ ಅಕ್ಕ ಶಿವಬಸವ್ವ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಮಾತಾಡಿಸಿಕೊಂಡು ಹೋಗಲು ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ, "ಪಾಪ, ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡಾಕಿ" ಎಂದು ಶುರು ಮಾಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆ ಗಂಡನ ಜೊತೆ ಅವರು ಬಾಳಿದ್ದಾದರೂ ಎಷ್ಟು ದಿನ! ಅದಾದ ಮೇಲೆ ಪುಣೆಯ ಶುಕ್ರವಾರ ಪೇಟೆಯ ಹತ್ತಾರು ಸಂಸಾರಗಳಿರುವ ಈ ವಾಡೆಯಲ್ಲೇ ಅರ್ಧ ಆಯುಷ್ಯ ಕಳೆದರು, ಎಷ್ಟೋ ಹೆಂಗಸರ ಬಾಯಲ್ಲಿ ಇಂಗ್ಲೀಷು ಆಡಿಸಿದರು. ಅದು ಮಾತ್ರ ಯಾರಿಗೂ ಮೊದಲು ನೆನಪಾಗುವುದಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿದ್ದ ಅವರು, ನನ್ನ ಗಂಡನಿಗೆ ಇಲ್ಲಿ ರೈಲ್ವೆ ಆಫೀಸಿನಲ್ಲಿ ಕಾರಕೂನಿಕೆ ಸಿಕ್ಕಾಗ ತಮ್ಮನ ಜೊತೆಗೇ ಬಂದರು. ಬೆಳಿಗ್ಗೆ ಹುಡುಗಿಯರ ಶಾಲೆಯಲ್ಲಿ ಕಲಿಸುವುದು, ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ವಾಡೆಯ ಹೆಂಗಸರಿಗೆ ಇಂಗ್ಲೀಷು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ಹಾಗೆ ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಪಕ್ಕದ ಮನೆಯ ಇಂದೂಬಾಯಿಯಂಥ ಮರಾಠಿಯವರೂ ಅದನ್ನೇ ಕಲಿತರು.

ಅವರ ಕಲಿಸುವ ರೀತಿಯೇ ಬೇರೆ. ಪಡಸಾಲೆಯ ನಡುವೆ ಒಂದು ಮಣೆ ಹಾಕುವರು. ಒಬ್ಬಳು ಅದರ ಮೇಲೆ ಕೂತುಕೊಳ್ಳಬೇಕು, ಅವಳು ನಾಮಪದ. ಅವಳ ಮುಂದೆ ಒಬ್ಬರೋ ಇಬ್ಬರೋ ನಿಂತು ಅವಳ ಗುಣ ಹೇಳಬೇಕು. ಹಿಂದೆ ನಿಂತವಳು ಅವಳ ಸೆರಗಿನ ತುದಿ ಹಿಡಿದು ಇಂಗ್ಲೀಷಿನ 'ಹೂ' ಎಂದು ಶುರು ಮಾಡಿ, ಅವಳು ಏನು ಮಾಡಿದಳು ಎಂಬುದನ್ನು ಹೇಳಬೇಕು. ವಸ್ತುವಾದರೆ 'ವಿಚ್'. ಮೊದಲ ದಿನ 'ಹೂ' ಎಂದಾಗ ನಾವು ಕಿಸಕ್ಕನೆ ನಕ್ಕು ಬೈಸಿಕೊಂಡೆವು.

"ನಮ್ಮ ಮಾತಿನ್ಯಾಗ ಸುದ್ದಿ ಎಲ್ಲಾ ಮೊದಲ ಬರತದ, ಆಳು ಕಡೀಕ್ ಬರತದ" ಎಂದು ಅಕ್ಕೋರು ತಿಳಿಸಿ ಹೇಳುವರು. "ಹಾಲು ಮಾರೋ ಕಿವುಡ ಮುದುಕ ಅಂತೀವಿ. ಇಂಗ್ಲೀಷಿನ್ಯಾಗ ಗುಣ ಮುಂದ, ನಡುವ ಆಳು, ಅವ ಮಾಡಿದ್ದು ಹಿಂದ. ದಿ ಡೆಫ್ ಓಲ್ಡ್ ಮ್ಯಾನ್ ಹೂ ಸೆಲ್ಸ್ ಮಿಲ್ಕ್. ಎರಡೂ ಛಲೋನ ಅವ. ಆದ್ರ ಅವರ ಮುಂದ ಮಾತಾಡಬೇಕಾದ್ರ ಅವರಂಗ ಕೂಡಿಸಬೇಕು."

ಇನ್ನೊಂದು ಕಟ್ಟುನಿಟ್ಟು ಇತ್ತು. ಹೇಳುವ ವಾಕ್ಯ ಖರೇ ಇರಬೇಕು, ಮಣೆಯ ಮೇಲೆ ಕೂತವಳದ್ದೇ ಆಗಿರಬೇಕು. ನಾನು ಕೂತ ದಿನ ಇಂದೂಬಾಯಿ ನನ್ನ ಮುಂದೆ ನಿಂತು "ಆಂಗ್ರಿ" ಎಂದಳು. ನಾನು ಸಿಟ್ಟಿನಿಂದ ದಡಕ್ಕನೆ ಎದ್ದೆ. ಅಕ್ಕೋರು ಮುಖ ಎತ್ತದೆ, "ಖರೇನ ಅದ, ಕೂಡು" ಎಂದರು. ಕೂತೆ, ಇನ್ನೇನು ಮಾಡಲಿ!

ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಗೌರಾಬಾಯಿ ಈ ವಾಡೆಗೆ ಬಂದಳು. ಬೆಳಗಾವಿ ಕಡೆಯವಳು, ವಯಸ್ಸಿನ್ನೂ ಇಪ್ಪತ್ತೆರಡರ ಆಸುಪಾಸು. ಗಂಡ ಕ್ಷಯದಿಂದ ಸತ್ತ ಮೇಲೆ ಅತ್ತೆಮನೆಯಲ್ಲಿ ಸಂಬಳವಿಲ್ಲದ ಆಳಾಗಿದ್ದಳು. ಅದನ್ನು ನೋಡಲಾರದೆ ಅಣ್ಣ ಈರಣ್ಣ ಕರೆತಂದಿದ್ದ. ಅವನು ಕಿರಾಣಿ ಅಡತಿಯಲ್ಲಿ ಗುಮಾಸ್ತ, ನಮ್ಮ ಎದುರಿನ ಖೋಲಿಯಲ್ಲಿದ್ದ. ದೀಪಾವಳಿ ಮುಗಿದ ಕೂಡಲೇ ಅತ್ತೆಮನೆಯಿಂದ ಮಾವ ಬಂದು ಅವಳನ್ನು ಮರಳಿ ಕರೆದೊಯ್ಯುವವನಿದ್ದ. ಈರಣ್ಣನಿಗೆ ಬೀಗರನ್ನು ಎದುರು ಹಾಕಿಕೊಳ್ಳುವ ಧೈರ್ಯವಿರಲಿಲ್ಲ.

ಇದ್ದದ್ದು ಒಂದೇ ದಾರಿ. ದವಾಖಾನೆಯೊಂದರಲ್ಲಿ ಹೆಂಗಸರನ್ನು ನರ್ಸ್ ಕೆಲಸ ಕಲಿಯಲು ತೆಗೆದುಕೊಳ್ಳುತ್ತಿದ್ದರು. ಊಟ, ವಸತಿ ಎಲ್ಲ ಅಲ್ಲಿಯೇ. ಆದರೆ ನರ್ಸುಗಳ ಮೇಲಿನವಳಾದ ಮೇಟ್ರನ್ ಬಿಳಿಯ ಹೆಂಗಸು, ಅವಳ ಮುಂದೆ ಇಂಗ್ಲೀಷಿನಲ್ಲಿ ನಾಲ್ಕು ಮಾತಾಡಬೇಕು.

"ಅಕಿ ಮುಂದ ಮಾತಾಡಿ ಗೆದ್ದಿ ಅಂದ್ರ ನಾ ಮಾಂವಗ ಹೇಳ್ತೀನಿ" ಎಂದಿದ್ದ ಈರಣ್ಣ. "ಇಲ್ಲಾಂದ್ರ ಅವರ ಕೂಡ ಹೋಗೂದ, ತಂಗಿ. ನನ್ನ ಕೈಯಾಗ ಏನೂ ಇಲ್ಲ."

ಗೌರಾಬಾಯಿ ಚುರುಕಾಗಿ ಕಲಿತಳು. ಬಾವಿ, ಬೆಕ್ಕು, ಬೋಹರಿಯ ಅಂಗಡಿ, ಯಾವುದಕ್ಕೂ ಮುಂದೊಂದು ಗುಣ, ಹಿಂದೊಂದು 'ವಿಚ್' ಇಟ್ಟು ಪಟಪಟ ಹೇಳುವಳು. ಆದರೆ ಮಣೆಯ ಮೇಲೆ ಮಾತ್ರ ಕೂಡಲೊಲ್ಲಳು. "ನನಗ ಮಣಿ ಬ್ಯಾಡ್ರಿ, ಅಕ್ಕೋರ. ನಾ ಹಿಂದ ನಿಂದರ್ತೀನಿ" ಎನ್ನುವಳು. ಕಾರಣ ಕೇಳಬೇಕಾಗಿರಲಿಲ್ಲ. ನಮ್ಮಲ್ಲಿ ಉಡಿ ತುಂಬುವಾಗ, ಸೆರಗಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕುವಾಗ, ಮುತ್ತೈದೆಯರನ್ನು ಮಣೆಯ ಮೇಲೆ ಕೂಡಿಸುತ್ತಾರೆ. ಗಂಡ ಸತ್ತವಳಿಗೆ ಆ ಮಣೆ ಅಂದಿಗೆ ಮುಗಿಯಿತು. ಸ್ವಂತ ತಂಗಿಯ ಮದುವೆಯಲ್ಲಿ ಇವಳು ಮರೆತು ಮಣೆಯ ಮೇಲೆ ಕೂತಾಗ ಯಾರೋ ರಟ್ಟೆ ಹಿಡಿದು ಎಬ್ಬಿಸಿದ್ದರಂತೆ. ಅಕ್ಕೋರು ಬಲವಂತ ಮಾಡಲಿಲ್ಲ.

ಮೇಟ್ರನ್ ಬಳಿಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ಆ ಹೆಂಗಸು ಒರಟಾಗಿ ಏನೂ ಮಾತಾಡಲಿಲ್ಲ. "ನಿನ್ನ ಬಗ್ಗೆ ಹೇಳು" ಎಂದು ಇಂಗ್ಲೀಷಿನಲ್ಲಿ ಕೇಳಿದಳು, ಅಷ್ಟೇ. ಬಾವಿಯ ಮೇಲೆ, ಬೆಕ್ಕಿನ ಮೇಲೆ ಅಷ್ಟೆಲ್ಲ ಮಾತು ಕಟ್ಟುತ್ತಿದ್ದ ಹುಡುಗಿ ಕಲ್ಲಿನಂತೆ ನಿಂತುಬಿಟ್ಟಳು. ಕಡೆಗೆ ನೆಲ ನೋಡುತ್ತ, "ಪೂರ್ ವಿಡೋ" ಎಂದಳು. ಮೇಟ್ರನ್ ನಿಟ್ಟುಸಿರು ಬಿಟ್ಟು, ಬಡ ವಿಧವೆಯರು ನನ್ನಲ್ಲಿಗೆ ದಿನಾ ಬರುತ್ತಾರೆ, ನನಗೆ ಬೇಕಾದವರು ರೋಗಿಯ ಹತ್ತಿರ ನಿಲ್ಲಬಲ್ಲವರು, ಬೇಕಾದರೆ ಮುಂದಿನ ವಾರ ಇನ್ನೊಮ್ಮೆ ಬಾ ಎಂದಳು. ಟಾಂಗಾದಲ್ಲಿ ಮನೆ ಮುಟ್ಟುವ ತನಕ ಗೌರಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಅಷ್ಟರಲ್ಲಿ ಮಾವ ಬಂದಿಳಿದ. ಮರುದಿನ ಮಧ್ಯಾಹ್ನ ಅವನು ಎದುರಿನ ಖೋಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದಾಗಲೇ ಅಕ್ಕೋರು ಪಡಸಾಲೆಯಲ್ಲಿ ಮಣೆ ಹಾಕಿದರು.

"ಗೌರಾ, ಇವತ್ತ ನೀ ಕೂಡು."

"ಬ್ಯಾಡ್ರಿ, ಅಕ್ಕೋರ. ಮಾಂವಾರ ನೋಡ್ತಾರ."

ಅಕ್ಕೋರ ದನಿ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಇಷ್ಟ ವರ್ಷ ಈ ಮಣಿ ಹಾಕೀನಿ, ಎತ್ತೀನಿ. ಒಂದ ದಿನಾನರ ನಾ ಇದರ ಮ್ಯಾಲ ಕೂತಿದ್ದು ಯಾರರ ನೋಡೀರೇನು? ನನಗೂ ಅಂಜಿಕಿ. ನಂದು ಹಂಗ ಹೋತು. ನಿಂದು ಹೋಗಬಾರ್ದು. ಕೂಡು!"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹೌದಲ್ಲ, ಅವರು ಯಾವಾಗಲೂ ನಿಂತೇ ಕಲಿಸುತ್ತಿದ್ದರು. ಒಂದೇ ಮನೆಯಲ್ಲಿ ಉಂಡು ಮಲಗಿದ ನನಗೂ ಅದು ಹೊಳೆದಿರಲಿಲ್ಲ.

ಗೌರಾಬಾಯಿ ಕೂತಳು, ಮಣೆಯ ತುದಿಗೆ, ಈಗಲೋ ಆಗಲೋ ಏಳುವವಳ ಹಾಗೆ. ಮಾವ ಬಾಗಿಲಿಗೇ ಬಂದ. "ಗಂಡ ಸತ್ತಾಕಿ ಮಣಿ ಮ್ಯಾಲೇನು?" ಎಂದ. ನನಗೆ ತಡೆಯಲಾಗಲಿಲ್ಲ. "ಕ್ಲಾಸ್ ನಡದದರಿ, ಆಮ್ಯಾಲ ಬರ್ರಿ" ಎಂದು ಅವನ ಮುಖದ ಮೇಲೆಯೇ ಬಾಗಿಲು ಹಾಕಿ ಅಗಳಿ ಜಡಿದೆ.

ಇಂದೂಬಾಯಿ ಅವಳ ಹಿಂದೆ ನಿಂತು ಸೆರಗಿನ ತುದಿ ಹಿಡಿದಳು. "ಏನು ಮಾಡಿದಾಕಿ ಅನ್ನಲಿ? ನೀನೇ ಹೇಳು" ಎಂದು ಮರಾಠಿಯಲ್ಲಿ ಕೇಳಿದಳು.

ಗೌರಾಬಾಯಿ, "ನಾ ಏನು ಮಾಡೀನ್ರಿ?" ಎಂದಳು. "ಅವರಿಗೆ ಕೆಮ್ಮಿದಾಗೆಲ್ಲಾ ರಕ್ತ ಬೀಳತಿತ್ತು. ಅವರವ್ವಸುದ್ದಾ ಬಾಗಲದಾಗ ನಿಂತ ನೋಡಿ ಹೋಗ್ತಿದ್ಲು. ನಾನ ತೊಳೀತಿದ್ದೆ, ಹೊಳ್ಳಿ ಮಲಗಸ್ತಿದ್ದೆ, ಗಂಜಿ ಕುಡಸ್ತಿದ್ದೆ. ಮಳಿಗಾಲ ಪೂರ್ತಿ. ಅಷ್ಟ."

ಅಕ್ಕೋರು ಅವಳ ಎದುರಿಗೆ ನೆಲದ ಮೇಲೆ ಕೂತರು. "ಇದನ್ನ ಆ ಮೇಮಸಾಬ್ ಮುಂದ ಯಾಕ ಹೇಳಲಿಲ್ಲ, ತಂಗಿ?"

"ಇದೇನ ಹೇಳೂ ಮಾತೇನ್ರಿ? ಅವರು ಉಳೀಲಿಲ್ಲಲ್ಲ."

ಇಂದೂಬಾಯಿ ಮೂಗು ಒರೆಸಿಕೊಂಡು, ಸೆರಗು ಬಿಗಿಹಿಡಿದು, "ಹೂ ನರ್ಸ್ಡ್ ಅ ಸಿಕ್ ಮ್ಯಾನ್" ಎಂದಳು. ನಾನು ಓಡಿ ಮುಂದೆ ನಿಂತು, "ಸ್ಟ್ರಾಂಗ್" ಎಂದೆ. ಗೌರಾಬಾಯಿಗೆ ಅಳು ಬಂತು. ಅತ್ತು ಮುಗಿದ ಮೇಲೆ ಮಣೆಯ ಮೇಲೆ ಸರಿದು ನೆಟ್ಟಗೆ ಕೂತು, ಆ ವಾಕ್ಯವನ್ನು ಮೊದಲಿಂದ ತಾನೇ ಹೇಳಿದಳು. ಅಕ್ಕೋರು ಮತ್ತೆ ಮತ್ತೆ ಹೇಳಿಸಿದರು.

ಮಾವ ಕರೆದುಕೊಂಡೇ ಹೋಗುತ್ತೇನೆಂದು ಕೂತುಬಿಟ್ಟ. ಮುಂದಿನ ವಾರದವರೆಗೆ ತಡೆಯಿರಿ ಎಂದು ಈರಣ್ಣ ಕೈಕಾಲು ಹಿಡಿದು ಒಪ್ಪಿಸಿದ. ಆ ವಾರವೂ ಮೇಟ್ರನ್ ಅದೇ ಪ್ರಶ್ನೆ ಕೇಳಿದಳು. ಗೌರಾಬಾಯಿ ತಲೆ ಎತ್ತಿ, "ಐ ಆಮ್ ಅ ಸ್ಟ್ರಾಂಗ್ ವುಮನ್ ಹೂ ನರ್ಸ್ಡ್ ಅ ಸಿಕ್ ಮ್ಯಾನ್" ಎಂದಳು. ಯಾವ ರೋಗ, ಏನು ಮಾಡುತ್ತಿದ್ದೆ, ಹೆದರಿಕೆ ಆಗಲಿಲ್ಲವೇ ಎಂದು ಮೇಟ್ರನ್ ಒಂದೊಂದಾಗಿ ಕೇಳಿದಳು. ಮುರುಕು ಇಂಗ್ಲೀಷಾದರೂ ಗೌರಾಬಾಯಿ ಎಲ್ಲಕ್ಕೂ ಉತ್ತರ ಕೊಟ್ಟಳು. ಆ ತಿಂಗಳಿಂದಲೇ ಕೆಲಸ ಕಲಿಯಲು ಬಾ ಎಂದಳು. ಈರಣ್ಣ ಮಾತು ಕೊಟ್ಟಿದ್ದಂತೆ ಬೀಗರಿಗೆ ಹೇಳಿಯೇಬಿಟ್ಟ, ಮಾವ ಒಬ್ಬನೇ ರೈಲು ಹತ್ತಿದ.

ಮೊದಲ ರಜೆಗೆ ಗೌರಾಬಾಯಿ ವಾಡೆಗೆ ಬಂದಾಗ ಬಿಳಿ ಸೀರೆಯ ಮೇಲೆ ದವಾಖಾನೆಯವರು ಕೊಟ್ಟ ನಡುಪಟ್ಟಿ ಇತ್ತು, ಕೈಯಲ್ಲಿ ಒಂದು ಬುಟ್ಟಿ. ಪಡಸಾಲೆಯಲ್ಲಿ ನಾವೆಲ್ಲ ಇದ್ದೆವು. ಅವಳೇ ಮಣೆಯನ್ನು ಸೆರಗಿನಿಂದ ಒರೆಸಿದಳು.

"ಕೂಡ್ರಿ, ಅಕ್ಕೋರ."

"ನಾ ಎದಕ್ಕವ್ವಾ? ಬ್ಯಾಡ. ಹುಚ್ಚಿ ಇದ್ದೀ."

"ಅಂಜಿಕಿ ಅಂದಿದ್ರಿ. ನಾ ಹಿಂದ ನಿಂತೀನ್ರಿ. ಕೂಡ್ರಿ."

ಅಕ್ಕೋರು ನನ್ನ ಕಡೆ ನೋಡಿದರು. ನಾನು ಅವರ ತೋಳು ಹಿಡಿದು ಕೂಡಿಸಿದೆ. ಗೌರಾಬಾಯಿ ಹಿಂದಿನಿಂದ ಅವರ ಸೆರಗು ಹಿಡಿದು, "ದಿ ವುಮನ್ ಹೂ ಮೇಡ್ ಮಿ ಸಿಟ್" ಎಂದಳು. ಆಮೇಲೆ ಮುಂದೆ ಬಂದು ಬುಟ್ಟಿ ತೆರೆದಳು. ಒಳಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಗುಳೇದಗುಡ್ಡದ ಒಂದು ಖಣ. ಉಡಿ ತುಂಬುವ ಸಾಮಾನು! ವಿಧವೆಗೆ ವಿಧವೆ ಉಡಿ ತುಂಬುವುದನ್ನು ನಾನು ಕೇಳಿರಲಿಲ್ಲ, ಕಂಡಿರಲಿಲ್ಲ. ಯಾರಾದರೂ ನೋಡುತ್ತಿದ್ದಾರೇನೋ ಎಂದು ನಾನೂ ಬಾಗಿಲ ಕಡೆ ನೋಡಿದೆ.

ಅಕ್ಕೋರು ಬೇಡವೆಂದು ಬಾಯಿ ತೆರೆದರು. ಮಾತು ಬರುವ ಮೊದಲೇ ಅವರ ಎರಡೂ ಕೈಗಳು ತಾವಾಗಿಯೇ ಸೆರಗನ್ನು ಹಿಡಿದು ಮುಂದಕ್ಕೆ ಒಡ್ಡಿದವು. ಮದುವೆಯಾದ ಹೊಸತರಲ್ಲಿ ಕಲಿತದ್ದು, ಕೈ ಮರೆತಿರಲಿಲ್ಲ. ಗೌರಾಬಾಯಿ ಮೊದಲ ಹಿಡಿ ಅಕ್ಕಿ ಹಾಕಿದಳು. ಎರಡನೆಯದನ್ನು ನಾನು ಹಾಕಿದೆ.