ಮರುಳಪ್ಪನ ಸೇವಂತಿ, ನೀಲಗಂಗಮ್ಮನ ಮೂಗು

ನೀಲಗಂಗಮ್ಮಗ ಆಗಿರೋದು ನೆಗಡಿ ಅಲ್ಲ ಅಂತ ಊರಿಗೆಲ್ಲ ಹೇಳಿ ಹೇಳಿ ನನ್ನ ಗಂಟ್ಲು ಕಟ್ಟೈತಿ. ಯಾರು ಕೇಳ್ತಾರ? ಮೂಗು ಸೋರಿದ್ರ ನೆಗಡಿ, ಸೀನಿದ್ರ ನೆಗಡಿ. ಕರೋನಾ ಬಂದು ಹೋದಮ್ಯಾಲಂತೂ ಯಾರರ ಸೀನಿದ್ರ ಸಾಕು, ಪಕ್ಕದಾಗಿದ್ದೋರು ಬಾಯಿಗೆ ಸೆರಗು ಹಿಡ್ಕಂಡು ಆ ಕಡಿ ಸರೀತಾರ. ಅಂಥಾದ್ರಾಗ ಈಕಿ ಒಂದು ಸೀನಿಗೆ ನಿಲ್ಲಾಕಿ ಅಲ್ಲ. ಹತ್ತಿದ್ವು ಅಂದ್ರ ಒಂದರ ಹಿಂದ ಒಂದು ಬರ್ತಾವ, ಕಣ್ಣಾಗ ದಳದಳ ನೀರು, ಮೂಗು ಉಜ್ಜಿ ಉಜ್ಜಿ ಕೆಂಪಗಾಗಿರ್ತೈತಿ.

ನಾವಿಬ್ಬರೂ ಸಾಲ್ಯಾಗ ಬಿಸಿಯೂಟ ಮಾಡೋರು. ನಮ್ಮೂರು ತಂಬ್ರಹಳ್ಳಿ ದಾಟಿ ಒಳಗ ಐತಿ. ಆಕಿ ಮುಖ್ಯ ಅಡಿಗಿಯಾಕಿ, ನಾನು ಸಹಾಯಕಿ. ಕಾಗದದಾಗ ಹಂಗ ಬರದಾರ, ಒಲಿ ಮುಂದ ಯಾರು ಮುಖ್ಯ ಯಾರು ಸಹಾಯ ಅನ್ನೋದು ಇಲ್ಲ. ನಾನು ಸೇರಿದ ಹೊಸದ್ರಾಗ, ಹಂಪಮ್ಮ ಬೇಯಿಸಿದ್ದು ನಮ್ಮ ಹುಡುಗ್ರಿಗೆ ಬ್ಯಾಡ ಅಂತ ಕೆಲವರು ಮನಿಯಿಂದ ಡಬ್ಬಿ ಕಟ್ಟಿ ಕಳಿಸ್ತಿದ್ರು. ನೀಲಗಂಗಮ್ಮ ಯಾರ ಕೂಡನೂ ಜಗಳ ತೆಗೀಲಿಲ್ಲ. ಬಾಗಲ ಮುಂದ ಎಲ್ಲರಿಗೂ ಕಾಣಂಗ ಚಕ್ಕಳಬಕ್ಕಳ ಹಾಕಿ ಕುಂತು ನಾನು ಬಡಿಸಿದ ಅನ್ನ ಸಾರು ಉಂಡ್ಲು, ಇನ್ನೊಂದು ಸಲ ಕೇಳಿ ಹಾಕಿಸ್ಕಂಡ್ಲು. ನಿಧಾನಕ್ಕ ಡಬ್ಬಿ ನಿಂತ್ವು.

ಆಕೀಗೆ ಈ ಕೆಲಸ ಅಂದ್ರ ಜೀವ. ಮನ್ಯಾಗ ಆಕಿ ಮಾತು ನಡಿಯಂಗಿಲ್ಲ, ಉಪ್ಪಿನ ಡಬ್ಬಿನೂ ಅತ್ತಿ ಕೈಯಾಗ. ಸಾಲ್ಯಾಗ ಹಂಗಲ್ಲ. ಇವತ್ತು ಏನ್ರಿ ಅಡಿಗಿ ಅಂತ ಹೆಡ್‌ಮಾಸ್ತರು ಬಂದು ಆಕೀನ ಕೇಳ್ತಾರ, ಹುಡುಗ್ರು ಅಮ್ಮಾ ಅಮ್ಮಾ ಅಂತ ತಟ್ಟಿ ಹಿಡ್ಕಂಡು ನಿಂದರ್ತಾವ. ಮಕ್ಕಳಿಲ್ಲದ ಹೆಂಗಸು. ಇದಕ್ಕಿಂತ ಬಿಡಿಸಿ ನಾನೇನು ಹೇಳ್ಲಿ?

ಗಂಡ ಮರುಳಪ್ಪ ಸೇವಂತಿ ಹೂವು ಬೆಳೀತಾನ. ಮಹಾನವಮಿ ಹತ್ರ ಬಂತಂದ್ರ ಕೊಟ್ಟೂರಿಗೆ, ಹಗರಿಬೊಮ್ಮನಹಳ್ಳಿಗೆ ಅಂತ ಬುಟ್ಟಿ ಹೊರೋದ ಹೊರೋದು. ಒಳ್ಳೇ ಮನುಷ್ಯ, ಇಲ್ಲ ಅನ್ನಂಗಿಲ್ಲ. ಹೊಲದಾಗ ಮೊದಲು ಬಿಡಿಸಿದ ಹೂವು ಮಾಲಿ ಕಟ್ಟಿಸಿ ಹೆಂಡ್ತಿಗೆ ಕೊಟ್ಟೇ ಸಂತಿಗೆ ಹೋಗೋನು. ಅತ್ತೀದು ಬ್ಯಾರೆ ಹಟ. ಮುತ್ತೈದಿ ತಲಿ ಬರಿದು ಇರಬಾರದು, ಇದ್ರ ಗಂಡಗ ಕೇಡು ಅಂತ ಹೊತ್ತು ಹುಟ್ಟಿದ್ರ ಅದ ಮಂತ್ರ. ಹಿಂಗಾಗಿ ಹೂವಿನ ಕಾಲದಾಗ ನೀಲಗಂಗಮ್ಮ ಒಂದು ಮೊಳ ಸೇವಂತಿ ಮುಡಕಂಡೇ ಸಾಲಿಗೆ ಬರಾಕಿ.

ಈ ಸೀನು ಹತ್ತಿದ್ದು ಹೋದ ವರ್ಷದ ಮಳಿ ನಿಂತಮ್ಯಾಲ. ಅಡಿಗಿ ಪಾತ್ರಿ ಮುಂದ ಸೀನಬಾರದು ಅಂತ ಪಾಪ ಸೌಟು ಬಿಟ್ಟು ಹಿತ್ತಲಕ ಓಡ್ತಿದ್ಲು. ನಮ್ಮ ಅಡಿಗಿ ಕೋಣಿ ಹಿತ್ತಲಂದ್ರ ಸೊಂಟದ ಮಟ ಕಾಂಗ್ರೆಸ್ ಕಸ, ಮ್ಯಾಲೆಲ್ಲ ಬಿಳೀ ಹೂವು. ಅದರ ನಡುವ ನಿಂತು ಸೀನಿ ಸೀನಿ ಇನ್ನೂ ಜಾಸ್ತಿ ಮಾಡ್ಕಂಡು ಬರಾಕಿ. ನಮಗೇನು ಗೊತ್ತು? ಓಡೋದನ್ನ ನೋಡಿದ ತಾಯಂದ್ರು ಮಾತ್ರ ಸುಮ್ನಿರಲಿಲ್ಲ. ಈಕಿ ರೋಗದ ಕೈಯಾಗ ನಮ್ಮ ಹುಡುಗ್ರಿಗೆ ಉಣಿಸ್ತಾಳ ಅಂತ ಸಾಲಿ ಸಮಿತಿ ಅಧ್ಯಕ್ಷ ಗುರುಬಸವರಾಜನ ಕಿವಿಗೆ ಹಾಕಿದ್ರು. ಆತ ಬಂದು, ಹಬ್ಬದ ರಜಾ ಬರೋದ್ರೊಳಗ ಇದು ವಾಸಿ ಆಗದಿದ್ರ ಬ್ಯಾರೆಯೋರನ್ನ ನೋಡ್ತೀವಿ ಅಂದು ಹೋದ.

ಅವತ್ತಿನಿಂದ ಊರಾಗ ಎಲ್ಲರೂ ಡಾಕ್ಟರ್ ಆದ್ರು. ಮೆಣಸಿನ ಕಷಾಯ ಅಂದೋರು ಒಬ್ಬರು, ಅರಿಶಿಣ ಹಾಲು ಅಂದೋರು ಒಬ್ಬರು, ಮೂಗಿಗೆ ತುಪ್ಪ ಬಿಡು ಅಂದೋರು ಇನ್ನೊಬ್ಬರು. ಜೇನುತುಪ್ಪ ನೆಕ್ಕಿದ್ಲು, ತುಳಸಿ ಅಗಿದ್ಲು. ಅತ್ತಿ ದೃಷ್ಟಿ ತೆಗೆದು ಲೋಬಾನ ಹಾಕಿದ್ಲು, ಆ ಹೊಗಿಗೆ ರಾತ್ರಿಯೆಲ್ಲ ದಮ್ಮು ಎಳದಂಗಾತು. ಯಾರೋ ಅಂಗಡ್ಯಾಗಿಂದ ಗುಳಿಗಿ ತಂದು ಕೊಟ್ರು. ಸೀನು ಕಡಿಮಿ ಆತು ಖರೆ, ಆದ್ರ ಆಕಿ ಕುದಿಯೋ ಸಾರಿನ ಮುಂದ ನಿಂತಲ್ಲೇ ತೂಕಡಿಸಿದ್ಲು. ನಾನು ರಟ್ಟಿ ಹಿಡಿದು ಎಳೀದಿದ್ರ ಅವತ್ತು ಏನಾಗ್ತಿತ್ತೋ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಆಗಂಗಿಲ್ಲ, ಎಲ್ಲರ ಮಾತೂ ಈಕಿ ಕೇಳಬೇಕು. ನೋಡಿ ನೋಡಿ ನನಗ ತಲಿ ಕೆಟ್ಟಿತ್ತು.

ಎಲ್ಲದರ ಮ್ಯಾಲ ಬಂದ ನೋಡ್ರಿ ನಾಟಿ ಔಷಧದ ಯರ್ರೆಪ್ಪ. ಸೇವಂತಿ ತಂಪು, ಮನ್ಯಾಗ ಹೂವು ಇಟ್ಕಂಡು ಎಲ್ಲೆಲ್ಲೋ ಯಾಕ ತಿರುಗ್ತೀರಿ, ಬಿಸಿನೀರಿಗೆ ಒಂದು ಬೊಗಸಿ ಹಾಕಿ ಹಬಿ ತಗೋ ತಾಯಿ ಅಂದ. ಮರುಳಪ್ಪಗ ಭಾಳ ಖುಷಿ ಆತು. ತಾನು ಬೆಳೆದ ಹೂವಿನಿಂದ ಹೆಂಡ್ತಿ ವಾಸಿ ಆಗ್ತಾಳಂದ್ರ ಯಾವ ಗಂಡಸಿಗೆ ಬ್ಯಾಡ? ತಾನ ಹೋಗಿ ದೊಡ್ಡ ದೊಡ್ಡ ಹೂವು ಆರಿಸಿ ತಂದ. ಆಕಿ ಕಂಬಳಿ ಮುಸುಕು ಹಾಕ್ಕಂಡು ಬಗ್ಗಿ ಕುಂತ್ಲು. ಮುಸುಕು ತೆಗೆದಾಗ ಕಣ್ಣು ಊದಿ ಮುಚ್ಚಿಹೋಗಿದ್ವು, ಕುತ್ತಿಗಿ ತುಂಬ ಗಂಧೆ ಎದ್ದಿತ್ತು. ನಾನು ಯರ್ರೆಪ್ಪಗ ಬಾಯಿಗೆ ಬಂದಂಗ ಬೈದೆ. ಆತ, ಒಳಗಿನ ನಂಜು ಹೊರಗ ಬರಾಕತ್ತೈತಿ, ಇನ್ನೊಂದು ವಾರ ಹಿಡೀರಿ ಅಂದ.

ಮರುದಿನ ನಾನು ಯಾರನ್ನೂ ಕೇಳಲಿಲ್ಲ. ಆಕೀನ ಕರಕಂಡು ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿದೆ. ಅಲ್ಲಿ ಡಾಕ್ಟರಮ್ಮ ಮೂಗು ನೋಡೋಕ್ಕಿಂತ ಮೊದಲು ಆಕಿ ತಲಿ ನೋಡಿದ್ರು. ಈ ಹೂವು ದಿನಾ ಮುಡೀತೀರೇನು, ಮನಿ ಸುತ್ತ ಕಾಂಗ್ರೆಸ್ ಕಸ ಐತೇನು ಅಂತ ಕೇಳಿದ್ರು. ಎಲ್ಲಾ ಕೇಳಿದಮ್ಯಾಲ ನಮಗೆ ತಿಳಿಯಂಗ ಹೇಳಿದ್ರು. ಇದು ಹೂವಿನ ಪುಡಿಯಿಂದ ಬರೋದು. ಗಾಳ್ಯಾಗ ಹಾರೋ ಪುಡಿ ಮೂಗಿನೊಳಗ ಹೋದ್ರ, ಕೆಲವರ ಮೈ ಅದನ್ನ ವೈರಿ ಅಂತ ತಿಳ್ಕಂಡು ಹೊರಗ ಹಾಕಾಕ ನೋಡ್ತೈತಿ, ಅದಕ್ಕ ಸೀನು, ಅದಕ್ಕ ನೀರು. ಒಬ್ಬರಿಂದ ಒಬ್ಬರಿಗೆ ಹತ್ತೋ ರೋಗ ಇದಲ್ಲ. ಕಾಂಗ್ರೆಸ್ ಕಸಾನೂ ಸೇವಂತಿನೂ ಒಂದ ಕುಲದ ಗಿಡ, ಒಂದು ಆಗದ ಮೈಗೆ ಎಷ್ಟೋ ಸಲ ಇನ್ನೊಂದೂ ಆಗಂಗಿಲ್ಲ. ಅದನ್ನ ಬಿಸಿನೀರಾಗ ಹಾಕಿ ಮುಖಕ್ಕ ಹಿಡಿದ್ರ ಊದದೆ ಏನಾಗ್ತೈತಿ ಅಂದ್ರು.

ಮೂಗಿಗೆ ಹೊಡ್ಕಳ್ಳೋ ಸ್ಪ್ರೇ ಕೊಟ್ಟು, ಸೀನು ಬರಲಿ ಬಿಡಲಿ ಈ ಕಾಲ ಮುಗಿಯೋ ತನಕ ದಿನಾ ಹೊಡೀಬೇಕು ಅಂದ್ರು. ನಿದ್ದಿ ಬರಿಸದ ಗುಳಿಗಿ ಬರದ್ರು. ಮನಿ ಮದ್ದಿಗೆ ಅವರೇನು ಬೈಲಿಲ್ಲ. ಕುದಿಸಿ ಆರಿಸಿದ ನೀರಿಗೆ ಚಿಟಿಕಿ ಉಪ್ಪು ಹಾಕಿ ಮೂಗು ತೊಳ್ಕಳ್ರಿ, ಅದು ಒಳ್ಳೇದು. ಬರೀ ನೀರಿನ ಹಬಿ ತಗಂಡ್ರ ಹಾಯ್ ಅನಿಸ್ತೈತಿ, ತಗಳ್ರಿ. ಅರಿಶಿಣ ಹಾಲು, ಜೇನು ಬೇಕಿದ್ರ ಕುಡೀರಿ, ಆದ್ರ ಅದರಿಂದ ಇದು ಹೋಗ್ತೈತಿ ಅನ್ನೋದಕ್ಕ ಗಟ್ಟಿ ಆಧಾರ ಇಲ್ಲ ಅಂದ್ರು. ಹೊಗಿ ಬ್ಯಾಡ, ಹೊಲದಿಂದ ಬಂದ ಕೂಡಲೆ ಮುಖ ತಲಿ ತೊಳೀಬೇಕು, ಮತ್ತ ಸೇವಂತಿ ಮುಡಿಯೋದು ಬಿಡಬೇಕು.

ತಿರುಗಿ ಬರ್ತಾ ಬಸ್ಸಿನಾಗ ಆಕಿ ಹೇಳಿದ್ದು ಇಷ್ಟ. ಹೂವು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡ್ತೀನಿ ಹಂಪಕ್ಕ, ನಾಳೆ ಅವರಿಗೆ ಏನರ ಆದ್ರ ನನ್ನ ತಲಿಗೆ ಬರ್ತೈತಿ ಅಂದ್ಲು. ನನಗ ಮೈಯೆಲ್ಲ ಉರೀತು. ಕೆಲಸ ಹೋದ್ರೂ ಅಡ್ಡಿಯಿಲ್ಲ, ಹೂವು ಇರ್ಲಿ ಅಂತಾಳಲ್ಲ ಈಕಿ.

"ನಾನು ಒಂದು ದಿನಾನೂ ಹೂವು ಬಿಟ್ಟಾಕಿ ಅಲ್ಲ, ನೀಲಾ," ಅಂದೆ. "ನನ್ನ ಗಂಡ ಉಳದನೇನು?"

ಆಕಿ ತಲ್ಯಾಗಿನ ಹೂವು ಮುಟ್ಟಿ ನೋಡ್ಕಂಡ್ಲು. ಅಂದುಬಿಟ್ನಲ್ಲ ಅಂತ ನನಗೂ ಕಸಿವಿಸಿ ಆತು.

ಮರುದಿನ ಬರೇ ತಲ್ಯಾಗ ಸಾಲಿಗೆ ಬಂದ್ಲು. ಮನ್ಯಾಗ ಕೋಲಾಹಲ ಎದ್ದಿತ್ತಂತ. ಅತ್ತಿ ಉಣ್ಣೋದು ಬಿಟ್ಟಿದ್ಲು. ಮರುಳಪ್ಪ ಬೈಲಿಲ್ಲ, ದಿನಾ ಬೆಳಿಗ್ಗೆ ಹೂವಿನ ಮಾಲಿ ಬಾಗಲ ಮೊಳಿಗೆ ತಗಲಾಕಿ ಹೊಲಕ್ಕ ಹೋಗಿಬಿಡಾಂವ. ಅದು ಬೈಗಳಕ್ಕಿಂತ ಕಷ್ಟ ಅಂತ ಆಕಿ ನನ್ನ ಮುಂದ ಅತ್ಲು. ನಾನು ಮೂಗಿಗೆ ಬಟ್ಟಿ ಕಟ್ಟಿ, ಕೈಗೆ ಚೀಲ ಸುತ್ತಿ ಹಿತ್ತಲದ ಕಸ ಎಲ್ಲಾ ಬೇರು ಸಮೇತ ಕಿತ್ತೆ. ಬೈಯೋರು ಇಡೀ ಊರು, ಕೀಳಾಕ ಒಬ್ಬರೂ ಬರಲಿಲ್ಲ. ಸೀನು ಪೂರ್ತಿ ನಿಂತ್ವು ಅಂತ ನಾನು ಸುಳ್ಳು ಹೇಳಂಗಿಲ್ಲ, ಭಾಳ ಇಳಿದ್ವು.

ಹಬ್ಬದ ರಜಾಕ್ಕ ಮೊದಲು ಸಾಲ್ಯಾಗ ಶಾರದಾ ಪೂಜಿ. ಹೆಡ್‌ಮಾಸ್ತರು ಡಾಕ್ಟರಮ್ಮ ಹೇಳಿದ್ದೆಲ್ಲ ಗುರುಬಸವರಾಜಗ ಬಿಡಿಸಿ ಹೇಳಿದ್ರು. ಆತ ತಲಿ ಆಡಿಸಿ, ಆತು, ಇವತ್ತು ತಾಯಂದ್ರೆಲ್ಲ ಇಲ್ಲೇ ಅದಾರ, ಎಲ್ಲರ ಕಣ್ಣ ಮುಂದ ಬಡಿಸ್ಲಿ, ಸೀನಿದ್ರ ಇವತ್ತ ಕಡಿ ದಿನ ಅಂದ. ಹತ್ತೋ ರೋಗ ಅಲ್ಲ ಅಂತ ಈಗಷ್ಟ ಕೇಳಿದ ಮನುಷ್ಯ. ಏನು ಹೇಳಬೇಕು ಇವರಿಗೆ?

ನೀಲಗಂಗಮ್ಮ ಚಿತ್ರಾನ್ನ, ಕೇಸರಿಬಾತು ಬಡಿಸಿದ್ಲು. ಎಲ್ಲರೂ ಎಲಿ ನೋಡೋದು ಬಿಟ್ಟು ಆಕಿ ಮೂಗ ನೋಡಾಕತ್ತಿದ್ರು. ಆಕಿ ಸೀನಲಿಲ್ಲ. ನಾನು ಉಸ್ ಅಂದೆ.

ಅಷ್ಟರಾಗ ಗುರುಬಸವರಾಜನ ಹೆಂಡ್ತಿ ಶಾಂಭವಿ ಅರಿಶಿಣ ಕುಂಕುಮದ ತಟ್ಟಿ ಹಿಡ್ಕಂಡು ಹೆಂಗಸ್ರು ಇದ್ದ ಕಡಿ ಬಂದ್ಲು. ತಟ್ಟಿ ತುಂಬ ಸೇವಂತಿ, ಮರುಳಪ್ಪ ಪೂಜಿಗೆ ಅಂತ ಕೊಟ್ಟಿದ್ದು. ನನ್ನ ಮುಂದ ಬಂದಾಗ ತಟ್ಟಿ ದಾಟಿ ಹೋತು. ಗಂಡ ಸತ್ತಾಕಿ ನಾನು, ಅದು ನನಗ ರೂಢಿ ಆಗೈತಿ. ಪಕ್ಕದಾಗ ನೀಲಗಂಗಮ್ಮ. ಶಾಂಭವಿ ಕುಂಕುಮ ಹಚ್ಚಿ ಹೂವು ಮುಂದ ಹಿಡಿದ್ಲು. ಎದುರಿಗೆ ಪೂಜಿಗೆ ಬಂದಿದ್ದ ಆಕಿ ಅತ್ತಿ ಕಣ್ಣು ಮಿಟುಕಿಸದಂಗ ನೋಡಾಕತ್ತಿದ್ಲು. ಮುಡಿದ್ರ ಸೀನು ಬಂದು ಕೆಲಸ ಹೋಗ್ತೈತಿ, ಒಲ್ಲೆ ಅಂದ್ರ ಗಂಡಗ ಕೇಡು ಬಯಸಿದಾಕಿ ಅಂತ ಹೆಸರು ಬರ್ತೈತಿ.

ಆಕಿ ಕೈ ಚಾಚಿ ಹೂವು ಇಸ್ಕಂಡ್ಲು. ಉಸಿರು ಬಿಗಿಹಿಡಿದು ನನ್ನ ಕಡಿ ತಿರುಗಿ, ನನ್ನ ತುರುಬಿಗೆ ಸಿಗಿಸಿಬಿಟ್ಲು.

"ಒಲ್ಲೆ ಅಂದಿಲ್ರಿ ಅಕ್ಕಾರ, ತಗಂಡೀನಿ," ಅಂದ್ಲು. "ಮುಡಿಯೋ ತಲಿ ಅಷ್ಟ ಬ್ಯಾರೆ."

ನನಗ ಮೊದಲು ಬಂದಿದ್ದು ಸಿಟ್ಟ. ನನ್ನನ್ನ ಒಂದು ಮಾತು ಕೇಳಿದ್ಲೇನು ಈಕಿ? ನಾಳೆ ನಳದ ಹತ್ರ ಅನಿಸ್ಕಳ್ಳಾಕಿ ನಾನು. ಕಿತ್ತು ಕೆಳಗ ಹಾಕಬೇಕು ಅಂತ ಕೈ ಎತ್ತಿದೆ. ಎತ್ತಿದ ಕೈ ಹೂವಿನ ಮ್ಯಾಲ ಹಂಗ ನಿಂತಿತು. ಎಷ್ಟು ವರ್ಷ ಆಗಿತ್ತು ಮುಟ್ಟಿ. ಅತ್ತಿ ಎದ್ದು ಸೆರಗು ಝಾಡಿಸಿ ಹೊರಗ ಹೋದ್ಲು. ಶಾಂಭವಿ ತಟ್ಟಿ ಹಿಡ್ಕಂಡು ಗಂಡನ ಮುಖ ನೋಡಿದ್ಲು. ಗುರುಬಸವರಾಜ ನನ್ನ ತಲಿ ನೋಡಿದ, ಆಕಿ ಮೂಗು ನೋಡಿದ, ಎಲ್ಲೂ ಏನೂ ಆಗಲಿಲ್ಲ.

"ರಜಾ ಮುಗಿದಮ್ಯಾಲ ಹೊತ್ತಿಗೆ ಸರಿಯಾಗಿ ಬರ್ರಿ," ಅಂದ. "ಇಬ್ಬರೂ."

ಮನಿ ಮುಟ್ಟೋ ತನಕ ನಾನು ಹೂವು ತೆಗೀಲಿಲ್ಲ.